ಟ್ರ್ಯಾಕ್ಟರ್ ನನಗೆ, ರೋಟವೇಟರ್ ನಿನಗೆ

ಕ್ಯಾಸಂಬಳ್ಳಿ
೧೪ ಜುಲೈ ೨೦೨೫, ಸೋಮವಾರ

ಪ್ರೀತಿಯ ತಮ್ಮ ಮುನೀಂದ್ರ,

ಹೇಗಿದ್ದೀಯಪ್ಪ? ಮಂಡಿ ನೋವು ಕಡಿಮೆಯಾಯಿತೇ? ನವ್ಯ ಚೆನ್ನಾಗಿದ್ದಾಳೆಂದು ನಂಬಿದ್ದೇನೆ. ಫೋನ್ ಮಾಡಿದರೆ ಕತ್ತರಿಸುತ್ತೀಯ. ಕಾಗದವನ್ನಾದರೆ ಹರಿದುಹಾಕುವುದಕ್ಕೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ. ನಿನ್ನ ಅತ್ತಿಗೆ ತೀರಿಕೊಂಡ ಮೇಲೂ ನೀವಿಬ್ಬರಿದ್ದಿರಿ, ಮನೆಯಲ್ಲಿ ಸದ್ದಿತ್ತು. ನೀನು ನವ್ಯಾಳನ್ನು ಕರೆದುಕೊಂಡು ಅವಳ ತವರು ಕಾಮಸಮುದ್ರಕ್ಕೆ ಹೋದ ಮೇಲೆ ಒಂದು ಮುದ್ದೆಗೆ ಎಸರಿಡುವುದಕ್ಕೂ ಬೇಸರ.

ಕೊಳವೆಬಾವಿ ನೀರಿಗೆ ಶುರುವಾದ ನಮ್ಮ ಜಗಳ ಭಾಗದವರೆಗೂ ಹೋಯಿತು. ಆವತ್ತು ಮುನಿಸ್ವಾಮಪ್ಪ ದೊಡ್ಡಪ್ಪ ಸಣ್ಣ ಟ್ರ್ಯಾಕ್ಟರನ್ನು ನನ್ನ ಕಡೆಗೆ, ಅದರ ಹಿಂದೆ ಕಟ್ಟುವ ನೇಗಿಲು, ಮಣ್ಣು ಪುಡಿಮಾಡುವ ರೋಟವೇಟರುಗಳನ್ನು ನಿನ್ನ ಕಡೆಗೆ ಹಾಕಿ, "ಅಣ್ಣನ್ಗೆ ತಲೆ, ತಮ್ಮನ್ಗೆ ಬಾಲ, ಸರಿಸಮ ಆಯ್ತು ಕಣ್ರಲಾ" ಎಂದು ಮೀಸೆ ತಿರುವಿದರು. ಹಸುವನ್ನು ಹಾಗೆ ಹಂಚಿದ್ದರೆ ಊರೇ ನಗುತ್ತಿತ್ತು. ಛಲಕ್ಕೆ ಬಿದ್ದು ನೀನೂ ತಲೆಯಾಡಿಸಿದೆ, ನಾನೂ ಆಡಿಸಿದೆ.

ಮೊನ್ನೆ ಒಳ್ಳೆ ಹದಮಳೆ ಬಂತು. ಈ ವಾರ ಉಳದಿದ್ದರೆ ರಾಗಿ ಹೊಲದ ಹದ ಆರಿಹೋಗುತ್ತದೆ. ಬಂಗಾರಪೇಟೆಯಿಂದ ಒಂದು ರೋಟವೇಟರ್ ಬಾಡಿಗೆಗೆ ತಂದೆ. ಎಲ್ಲ ಟ್ರ್ಯಾಕ್ಟರಿಗೂ ಕೂರುತ್ತದೆ ಅಂದಿದ್ದ ಆ ಪುಣ್ಯಾತ್ಮ. ಒಬ್ಬನೇ ಕಟ್ಟಲು ಹೊರಟೆ. ರಿವರ್ಸ್ ಹಾಕುವುದು, ಇಳಿದು ನೋಡುವುದು, ಟ್ರ್ಯಾಕ್ಟರಿನ ಹಿಂದಿನ ಎಡಗಡೆಯ ಕಬ್ಬಿಣದ ತೋಳು ಸರಿಹೋದರೆ ಬಲಗಡೆಯದು ಬೆರಳಷ್ಟು ಆಚೆ, ಮತ್ತೆ ಹತ್ತುವುದು. ಮುಂಚೆಯಾದರೆ ನೀನು ಹಿಂದೆ ನಿಂತು "ಇನ್ನೊಂದ್ ಬೆರಳಷ್ಟು ಇಂದಕ್ ಬಾರಣ್ಣಾ, ಆಂ, ಸಾಕು ಸಾಕು" ಅನ್ನುತ್ತಿದ್ದೆ, ನಾನು ತಿರುಗಿಯೂ ನೋಡುತ್ತಿರಲಿಲ್ಲ. ಈ ಸಲ ಆ ಮಾತನ್ನು ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಹಸು ಮೇವು ಬಿಟ್ಟು ನನ್ನನ್ನೇ ನೋಡಿತು. ನಗು ಬಂತು. ಆಮೇಲೆ, ನೋಡುವವರು ಯಾರೂ ಇರಲಿಲ್ಲವಲ್ಲ, ಅತ್ತುಬಿಟ್ಟೆ.

ಅಂತೂ ನೇರಕ್ಕೆ ಬಂದರೆ ಅದರ ಪಿನ್ನು ನಮ್ಮ ತೋಳಿನ ತೂತಿಗಿಂತ ದಪ್ಪ! ಚಿನ್ನದ ಗಣಿ ಕಡೆಯ ನಂದಿದುರ್ಗದ ವೆಲ್ಡಿಂಗ್ ಆರುಮುಗಂನನ್ನು ಕರೆಸಿ, ತೂತು ದೊಡ್ಡದು ಮಾಡಿಕೊಡು ಅಂದೆ. "ಬ್ಯಾಡಣ್ಣಾ, ಇದು ದೊಡ್ಡ ವಂಡಿ ಸಾಮಾನು. ಎತ್ತಿದ್ರೆ ಮುಂದ್ಗಡೆ ಚಕ್ರನೇ ಮೇಲಕ್ ಎದ್ಬುಡ್ತದೆ. ನೀನು ಬೇರೆ ಒಬ್ನೇ ಇದೀಯ" ಅಂದ. ಅವನ ಕೊನೆಯ ಮಾತು ಬೇಕಿರಲಿಲ್ಲ. ರೋಟವೇಟರನ್ನು ವಾಪಸ್ ಕಳಿಸಿದೆ. ನಿನ್ನ ಮಾವನ ದೊಡ್ಡ ಟ್ರ್ಯಾಕ್ಟರಿಗೆ ನಮ್ಮ ಪುಟ್ಟ ರೋಟವೇಟರಿನ ಕಥೆಯೂ ಅಷ್ಟೇ ತಾನೇ? ಪಿನ್ನು ಸಡಿಲ, ಅಗಲ ಸಾಲದೆ ಅದರ ಚಕ್ರದ ಗುರುತೂ ಮುಚ್ಚುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಕರೆಸಿ ಉತ್ತುಕೋ ಎನ್ನುತ್ತಾರೆ ಊರವರು. ನಮ್ಮದು ಕೊಟ್ಟಿಗೆಯಲ್ಲಿ ನಿಂತಿರುವಾಗ ಇನ್ನೊಬ್ಬರದು ನಮ್ಮ ಹೊಲಕ್ಕಿಳಿದರೆ ನನಗೆ ಅನ್ನ ಇಳಿಯುವುದಿಲ್ಲ.

ನವ್ಯಾಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಅತ್ತೆ, ಮಾವನಿಗೆ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡ.

ನಿನ್ನ ಅಣ್ಣ,
ಜಯರಾಮಪ್ಪ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹಾಲಿನ ಗಾಡಿಯ ಸುಧಾಕರ್ ಬಂದ. ನಿನ್ನೆ ನಿಮ್ಮ ಅಂಗಳಕ್ಕೆ ಹೋಗಿದ್ದನಂತೆ. ರೋಟವೇಟರಿಗೆ ಗೋಣಿಚೀಲ ಹೊದಿಸಿ, ಪಿನ್ನುಗಳಿಗೆ ಹೊಸದಾಗಿ ಗ್ರೀಸ್ ಹಚ್ಚಿಟ್ಟಿದ್ದೀಯಂತೆ. ಅದನ್ನು ಕಟ್ಟುವ ಟ್ರ್ಯಾಕ್ಟರ್ ಇರುವುದು ನನ್ನ ಕೊಟ್ಟಿಗೆಯಲ್ಲಿ ಕಣೋ. ಮತ್ತೆ ಯಾರಿಗೆ ಅಂತ ಹಚ್ಚಿದೆ? ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಬುಧವಾರ ಬೆಳಿಗ್ಗೆ ಟ್ರ್ಯಾಕ್ಟರ್ ತೆಗೆದುಕೊಂಡು ಬರುತ್ತೇನೆ. ಮಾತಾಡದಿದ್ದರೂ ಪರವಾಗಿಲ್ಲ, ಗೇಟು ತೆಗೆದಿರು.