ನೆಲಮಾಳಿಗೆಯ ನೀರು, ಬೀಜದ ಮುಡಿ

ಮಂಗಲಾ,

ಹೊನ್ನಾವರಕ್ಕೆ ಹೋಗುವ, ಇದ್ದಲಿನಿಂದ ಓಡುವ ಬಸ್ಸು ತಪ್ಪೀತೆಂದು ನಿನ್ನ ಗಂಡ ನಿನ್ನನ್ನು ಎಬ್ಬಿಸದೆ, ಈ ಚೀಟಿ ಬರೆದಿಟ್ಟು ಹೊರಟಿದ್ದಾನೆ. ನೆಲಮಾಳಿಗೆಯಲ್ಲಿ ಮತ್ತೆ ಮೊಣಕಾಲುದ್ದ ನೀರು ಒಸರಿದೆ. ಆದಷ್ಟು ಎತ್ತಿ ಗದ್ದೆಯ ಕಡೆಗೆ ಚೆಲ್ಲು, ಬಾವಿಯ ಬದಿಗೆ ಬೇಡ. ನಿನ್ನೆಯೆಲ್ಲ ಅವನು ಅಲ್ಲೇ ಚೆಲ್ಲಿದ. ನೀರು ನೆಲದೊಳಗಿಂದ ಅವನಿಗಿಂತ ಮೊದಲೇ ಮನೆಗೆ ಬಂದು ಕೂತಿತ್ತು.

ನೆಲಮಾಳಿಗೆಯ ತಂಪಿನಲ್ಲಿ ಬೀಜ ಕೆಡುವುದಿಲ್ಲ ಎಂದು ರಾತ್ರಿ ಶಾಲೆಯ ಪುಸ್ತಕದಲ್ಲಿ ಓದಿ, ಆ ಮಹಾಶಯ ಬಾವಿ ಬತ್ತಿದ ಬೇಸಗೆಯಲ್ಲಿ ಇದನ್ನು ಅಗೆದ. ಮಳೆಗಾಲದಲ್ಲಿ ಅದೇ ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುತ್ತದೆಂಬುದು ಪುಸ್ತಕದಲ್ಲಿ ಇರಲಿಲ್ಲ. ಒಲೆಯ ಮೇಲೆ ಹೊಗೆಯಲ್ಲಿ ತೂಗುತ್ತಿದ್ದ, ಬಿತ್ತನೆಯ ಭತ್ತವನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಬೀಜದ ಮುಡಿಯನ್ನೂ ಇಳಿಸಿ ಅಲ್ಲಿಟ್ಟ.

ಇವತ್ತು ಬೆಳಿಗ್ಗೆ ಮುಡಿ ಪೂರಾ ತೊಯ್ದದ್ದು ಕಂಡು ಅವನ ಜೀವ ಬಾಯಿಗೆ ಬಂತು. ಈ ವರ್ಷ ಬಿತ್ತುವುದಕ್ಕೆ ಬೇರೆ ಬೀಜವಿಲ್ಲ. ಹುಲ್ಲು ಬಿಚ್ಚಿದರೆ ಒಳಗೆ ಬರೀ ಹೊಟ್ಟು! ಅಡುಗೆಮನೆಗೆ ಓಡಿ ತಲೆಯೆತ್ತಿದರೆ, ಬೀಜದ ಮುಡಿ ಹೊಗೆ ಕುಡಿಯುತ್ತ ಹಾಯಾಗಿ ಹಳೇ ಜಾಗದಲ್ಲೇ ಇದೆ. ದಿನಾ ಅದರ ಕೆಳಗೆ ಕೂತು ಗಂಜಿ ಉಂಡವನಿಗೆ ಕಂಡಿರಲಿಲ್ಲ.

ಪಕ್ಕದ ಮನೆಯ ಜಟ್ಟ ನಿನ್ನೆ, "ಎಂತ ಒಡೆಯಾ, ಮನೆ ಒಳಗೂ ಒಂದು ಬಾವಿ ಆತೋ?" ಎಂದು ಅಷ್ಟೊಂದು ನಕ್ಕದ್ದು ಏಕೆಂದು ಈಗ ತಿಳಿಯಿತು. ನೀನು ಹೇಳಿಕೊಟ್ಟಂತೆ ಹೊಟ್ಟಿನ ಮುಡಿ ಕೆಳಗಿಟ್ಟು, ಬೀಜದ ಮುಡಿಯನ್ನು ಮತ್ತೆ ಮೇಲೇರಿಸಿದವನು ಅವನೇ ಇರಬೇಕು.

ಸಂಜೆ ಗುಂಡಿ ಮುಚ್ಚುವುದಿದೆ. ಮಣ್ಣು ಹೊರಲು ಜಟ್ಟನಿಗೆ ಹೇಳಿಡು, ನಕ್ಕರೆ ನಗಲಿ. ನೀನೂ ಇಷ್ಟು ದಿನ ಸೆರಗಿನೊಳಗೆ ನಕ್ಕದ್ದನ್ನು ಇವತ್ತು ಗಂಜಿ ಬಡಿಸುವಾಗ ಎದುರಿಗೇ ನಕ್ಕುಬಿಡು.