ವೆಂಡೆಲ್ ಮಾಮನ ಭಿನ್ನಮತ

ನಾರ್ಬಿ, ಉತ್ತರ ಡಕೋಟ
ಮಾರ್ಚ್ ೧೦, ೨೦೨೪, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುತ್ತಿದ್ದೀಯಾ, ಇಲ್ಲಾ ಇನ್ನೂ ಕೆಳಗಿನ ಕೋಣೆಯಲ್ಲೇ ಮಲಗುತ್ತೀಯಾ? ಟೂಸಾನಿನಲ್ಲಿ ಆಗಲೇ ಸೆಕೆ ಶುರುವಾಗಿದೆ ಎಂದು ಪತ್ರಿಕೆಯಲ್ಲಿ ಓದಿದೆ. ಇಲ್ಲಿ ಅಂಗಳದ ಹಿಮ ಹಗಲು ಸ್ವಲ್ಪ ಕರಗಿ ಸಂಜೆಗೆ ಗಾಜಾಗುತ್ತದೆ. ನೀನು ಕಳಿಸಿದ ಚಕ್ಕೋತದ ಪೆಟ್ಟಿಗೆ ತಲುಪಿತು. ಅಪ್ಪ ಅದನ್ನು ತಿನ್ನುವಂತಿಲ್ಲ. ಮೂತ್ರಪಿಂಡ ಕೆಟ್ಟವರಿಗೆ ಕೂಡದ ಹಣ್ಣುಗಳಲ್ಲಿ ಅದೂ ಒಂದು. ಒಂದನ್ನು ಕೈಯಲ್ಲಿ ಹಿಡಿದು ಮೂಸಿ ಮತ್ತೆ ಪೆಟ್ಟಿಗೆಯಲ್ಲೇ ಇಟ್ಟರು. ಯಾರು ಕಳಿಸಿದ್ದೆಂದು ಕೇಳಲಿಲ್ಲ. ಉಳಿದದ್ದನ್ನೆಲ್ಲ ನಾನೇ ದಿನಕ್ಕೊಂದರಂತೆ ತಿನ್ನುತ್ತಿದ್ದೇನೆ.

ಫೋನಿನಲ್ಲಿ ನಾವಿಬ್ಬರೂ ಹವಾಮಾನ ದಾಟಿ ಮುಂದೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನನ್ನು ಮಂಗಳವಾರ, ಗುರುವಾರ, ಶನಿವಾರ ನಾನೇ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ಅಲ್ಲಿ ಡಾರ್ಲಾ ಎಂಬ ದಾದಿ ಇದ್ದಾಳೆ, ದೊಡ್ಡ ಗಂಟಲಿನವಳು. "ಬನ್ನಿ ಖಾವಂದರೇ, ಇವತ್ತು ಯಾರಿಗೆ ಶಿಕ್ಷೆ?" ಅನ್ನುತ್ತಾಳೆ. "ನನಗೇ ಕಣಮ್ಮ. ನಾಲ್ಕು ಗಂಟೆ, ಕಠಿಣ" ಎಂದು ಅಪ್ಪ ತೋಳು ಚಾಚುತ್ತಾರೆ. "ಮೇಲ್ಮನವಿ ಹಾಕ್ಕೊಳ್ಳಿ ಮತ್ತೆ." "ಹಾಕಿದ್ದೆ. ವಜಾ ಆಯ್ತು." ಪ್ರತಿ ಸಲವೂ ಇದೇ ಮಾತು, ಅದೇ ನಗು. ಆಮೇಲೆ ಸೂಜಿ ಒಳಗೆ ಹೋಗುತ್ತದೆ, ಅಪ್ಪನ ಮುಖ ಬಿಳುಚಿಕೊಳ್ಳುತ್ತದೆ, ನಾನು ಕಿಟಕಿಯಾಚೆಯ ಕಾರುಗಳನ್ನು ನೋಡುತ್ತೇನೆ. ಮನೆಗೆ ಬಂದ ಮೇಲೆ ಆ ದಿನವೆಲ್ಲ ಅವರು ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಾರೆ. ನವೆಂಬರಿನಲ್ಲೇ ಇದು ಸಾಕೆಂದು ಡಾಕ್ಟರಿಗೆ ಹೇಳಿದ್ದರು. ಡಾಕ್ಟರು ಒಪ್ಪಿದರು, ನಾನೂ ಒಪ್ಪಿದೆ. ಒಪ್ಪದೆ ಇರಲು ನನ್ನ ಹತ್ತಿರ ಕಾರಣವಿರಲಿಲ್ಲ. "ಒಂದು ಕೆಲಸ ಬಾಕಿ ಇದೆ. ಅದು ಮುಗಿದ ದಿನ ನಿಲ್ಲಿಸ್ತೀನಿ" ಅಂದರು. ಯಾವ ಕೆಲಸವೆಂದು ನಾನು ಕೇಳಲಿಲ್ಲ.

ಅವರ ಬದುಕು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬರೆದುನೋಡುತ್ತೇನೆ, ಬರೆದರೆ ಅದೊಂದು ಬದುಕಿನ ಹಾಗೆ ಕಾಣುತ್ತದೇನೋ. ಸಕ್ಕರೆ ಮಾಡುವ ಬೀಟ್ ಗಡ್ಡೆ ಬೆಳೆಯುವವನ ಮಗ. ಜಿಲ್ಲೆಯ ಸರ್ಕಾರಿ ವಕೀಲ. ಆಮೇಲೆ ವಿಚಾರಣಾ ನ್ಯಾಯಾಧೀಶ. ಆಮೇಲೆ ರಾಷ್ಟ್ರಾಧ್ಯಕ್ಷರ ಕಚೇರಿಯಿಂದ ಕರೆ ಬಂತು, ಸೆನೆಟ್ ಒಪ್ಪಿತು, ಪ್ರಮಾಣವಚನದ ದಿನ ಬೈಬಲ್ ಹಿಡಿದು ನಿಂತವಳು ನೀನು. ಫೋಟೋದಲ್ಲಿ ನಿನ್ನ ಕೈಗವಸು ಇನ್ನೂ ಕೈಯಲ್ಲೇ ಇದೆ, ಬಿಚ್ಚಲು ಮರೆತಿದ್ದೆ. ಆಮೇಲಿನ ಮೂವತ್ತೊಂದು ವರ್ಷ ಫೆಡರಲ್ ಮೇಲ್ಮನವಿ ನ್ಯಾಯಾಲಯ. ಅಲ್ಲಿ ಸಾಕ್ಷಿ ಬರುವುದಿಲ್ಲ, ಯಾರೂ ಕಟಕಟೆಯಲ್ಲಿ ನಿಂತು ಅಳುವುದಿಲ್ಲ. "ಜನ ಅತ್ತು ಮುಗಿಸಿದ ಮೇಲೆ ನಮ್ಮ ಹತ್ರ ಬರ್ತಾರೆ, ಕಾಗದ ಆಗಿ" ಎಂದು ಒಮ್ಮೆ ಹೇಳಿದ್ದರು. ರಾತ್ರಿ ಊಟಕ್ಕೆ ಕೂತಾಗ ನೀನು ಇವತ್ತೇನಾಯ್ತು ಎಂದರೆ "ಓದಿದೆ" ಅನ್ನುತ್ತಿದ್ದರು. ಯಾವ ಮೊಕದ್ದಮೆಯೂ ಮನೆಯ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. "ಈ ಮನುಷ್ಯನ ಜೊತೆ ಇರೋದಂದ್ರೆ ಗ್ರಂಥಾಲಯದಲ್ಲಿ ಸಂಸಾರ ಮಾಡಿದ ಹಾಗೆ, ಕೆಮ್ಮಿದ್ರೂ ತಪ್ಪು" ಎಂದು ನೀನು ಅಪ್ಪನ ಕೋರ್ಟಿನ ಗೆಳೆಯ ವೆಂಡೆಲ್ ಮಾಮನ ಮುಂದೆ ಹೇಳಿದಾಗ ಮಾಮ ಕಾಫಿ ಚೆಲ್ಲುವಷ್ಟು ನಕ್ಕಿದ್ದು ನೆನಪಿದೆ. ಅಪ್ಪ ಕೂಡ ನಕ್ಕರು. ಅದರ ಮುಂದಿನ ವರ್ಷ ನೀನು ಮನೆ ಬಿಟ್ಟು ಹೋದೆ.

ಅಕ್ಟೋಬರಿನಲ್ಲಿ ಅಪ್ಪನಿಗೆ ಕಾರು ಓಡಿಸಲು ಆಗದ್ದರಿಂದ ಕೋರ್ಟಿಗೆ ನಾನು ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ವಾದ ಕೇಳುವುದನ್ನು ಯಾರು ಬೇಕಾದರೂ ನೋಡಬಹುದು, ಆದರೆ ನಾನು ಹೋದದ್ದು ಅದೇ ಮೊದಲು. ಡ್ವೇನ್ ಪೆಟ್ರಿ ಎಂಬವನ ಮೊಕದ್ದಮೆ. ಧಾನ್ಯದ ಉಗ್ರಾಣಕ್ಕೆ ಬೆಂಕಿ ಹಚ್ಚಿದನೆಂದೂ ಅದರಲ್ಲಿ ಕಾವಲುಗಾರ ಸತ್ತನೆಂದೂ ಇಪ್ಪತ್ತರ ಪ್ರಾಯದಲ್ಲಿ ಜೈಲಿಗೆ ಹೋದವನು, ಈಗ ಅವನಿಗೆ ನಲವತ್ತು ದಾಟಿದೆ. ಬೇರೊಬ್ಬನನ್ನು ಅಲ್ಲಿ ಕಂಡೆನೆಂದು ಒಬ್ಬಳು ಕೊಟ್ಟ ಹೇಳಿಕೆಯನ್ನು ಆಗ ಸರ್ಕಾರದ ಕಡೆಯವರು ಮುಚ್ಚಿಟ್ಟಿದ್ದರು ಎಂಬುದು ಅವನ ವಕೀಲನ ವಾದ. ಕೆಳಗಿನ ಕೋರ್ಟು ಅದನ್ನು ತಳ್ಳಿಹಾಕಿತ್ತು. ಮೂವರು ನ್ಯಾಯಾಧೀಶರು ಕೂತಿದ್ದರು: ನಡುವೆ ಅಪ್ಪ, ಒಂದು ಪಕ್ಕ ವೆಂಡೆಲ್ ಮಾಮ, ಇನ್ನೊಂದು ಪಕ್ಕ ಹೊರರಾಜ್ಯದಿಂದ ಬಂದ ಚಿಕ್ಕ ವಯಸ್ಸಿನ ಹೆಂಗಸು. ನನ್ನ ಪಕ್ಕ ಕೂತವಳು ಪೆಟ್ರಿಯ ಅಕ್ಕ. ತೊಡೆಯ ಮೇಲಿನ ಚೀಲದಲ್ಲಿ ಬುತ್ತಿ ಇತ್ತು, ಮೊಟ್ಟೆ ಹಾಕಿದ ಬ್ರೆಡ್ಡಿನ ವಾಸನೆ. "ಆ ನಡುವೆ ಕೂತಿರೋ ಮುದುಕಪ್ಪ ಎಚ್ಚರವಾಗಿದಾರಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. "ಎಚ್ಚರವಾಗೇ ಇರ್ತಾರೆ" ಅಂದೆ. "ಕಣ್ಣು ಮುಚ್ಕೊಂಡಿದಾರಲ್ಲಮ್ಮ." "ಕೇಳಿಸ್ಕೊಳ್ಳೋವಾಗ ಹಾಗೇ." ಅವಳಿಗೆ ನಾನು ಯಾರೆಂದು ಹೇಳಲಿಲ್ಲ.

ವೆಂಡೆಲ್ ಮಾಮ ಪ್ರತಿ ಭಾನುವಾರ ಬರುತ್ತಾರೆ. ಆರ್ಡಿಸ್ ಅತ್ತೆ ತೀರಿಹೋದ ಮೇಲೆ ಅವರಿಗೂ ಬೇರೆ ಮನೆಯಿಲ್ಲ. ಅಪ್ಪನಿಗೂ ಅವರಿಗೂ ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಎದುರುಬದುರು ಆಫೀಸು, ಇಷ್ಟೂ ವರ್ಷ. ಚರ್ಚಿನಲ್ಲಿ ಮಾರುವ, ಹುಳಿಹಣ್ಣು ತುಂಬಿದ ಪೈ ತಂದು, ಅಪ್ಪ ತಿನ್ನುವಂತಿಲ್ಲವಾದ್ದರಿಂದ ತಾವೇ ತಿನ್ನುತ್ತಾರೆ. ಬಾಗಿಲಲ್ಲೇ ಶುರು: "ಇನ್ನೂ ಉಸಿರಾಡ್ತಿದೀಯೇನೋ ಆರ್ನೆ?" "ನೀನು ಬರೆದು ಮುಗಿಸೋ ತನಕ ಆಡ್ಬೇಕಲ್ಲಪ್ಪ. ಏನು, ಕಲ್ಲಲ್ಲಿ ಕೆತ್ತುತಾ ಇದೀಯಾ?" "ಒಳ್ಳೇ ಮಾತಿಗೆ ಟೈಮ್ ಬೇಕು ಕಣೋ. ಬೀಟ್ ಗಡ್ಡೆ ಅಗೆದ ಹಾಗಲ್ಲ." "ಗಡ್ಡೆ ಅಗೆದಿದ್ರೆ ಇಷ್ಟೊತ್ತಿಗೆ ಸಕ್ಕರೆ ಆಗಿರ್ತಿತ್ತು." ನಾನು ತಟ್ಟೆ ತೊಳೆಯುತ್ತಾ ಇದನ್ನು ಇಬ್ಬರು ಮುದುಕರ ತಮಾಷೆ ಎಂದುಕೊಂಡಿದ್ದೆ.

ಫೆಬ್ರವರಿಯ ಒಂದು ಗುರುವಾರ, ಆ ಕುರ್ಚಿಯಲ್ಲಿ ಒರಗಿಕೊಂಡು, ಅಪ್ಪ ನನ್ನ ಕಡೆ ನೋಡದೆ ಮಾತಾಡಿದರು. ಯಾವ ಹೆಸರನ್ನೂ ಹೇಳಲಿಲ್ಲ. ಮೂವರಲ್ಲಿ ಇಬ್ಬರು ಒಂದು ಕಡೆಯಾದರೆ ಅದೇ ತೀರ್ಪು. ಆದರೆ ಒಪ್ಪದ ಮೂರನೆಯವನು ತನ್ನ ಭಿನ್ನಮತ ಬರೆದುಕೊಡುವ ತನಕ ತೀರ್ಪು ಹೊರಗೆ ಹೋಗುವುದಿಲ್ಲ. ಅವನನ್ನು ಯಾರೂ ಅವಸರಪಡಿಸುವುದಿಲ್ಲ, ಮುಖ್ಯ ನ್ಯಾಯಾಧೀಶರು ಕೂಡ. ಸೋತವನಿಗೆ ತನ್ನ ಮಾತನ್ನು ನೆಟ್ಟಗೆ ಹೇಳಲು ಬೇಕಾದಷ್ಟು ಹೊತ್ತು ಕೊಡುವುದು ಅವರಲ್ಲಿ ನಡೆದುಬಂದ ಮರ್ಯಾದೆ. "ನಾನೂ ಎಷ್ಟೋ ಜನರನ್ನ ಕಾಯಿಸಿದೀನಿ" ಅಂದರು. ಸೂಜಿಯಿದ್ದ ತೋಳನ್ನು ಮೆಲ್ಲನೆ ಸರಿಸಿಕೊಂಡರು. "ತೀರ್ಪು ಹೊರಗೆ ಬರೋ ದಿನ ಬದುಕಿಲ್ಲದೆ ಇರೋನ ಮತ ಲೆಕ್ಕಕ್ಕಿಲ್ಲ. ಹಿಂದಿನ ಸಂಜೆ ಸತ್ರೂ ಅಷ್ಟೇ. ಬರೆದೋನು ಅವನೇ ಆದ್ರೂ ಅಷ್ಟೇ. ಒಂದಕ್ಕೆ ಒಂದು ಉಳಿಯತ್ತೆ, ಆಗ ಕೆಳಗಿನ ಕೋರ್ಟ್ ಹೇಳಿದ್ದೇ ನಿಲ್ಲತ್ತೆ." ಆಮೇಲೆ ಕಣ್ಣು ಮುಚ್ಚಿದರು. ಇಷ್ಟು ವರ್ಷಗಳಲ್ಲಿ ನನ್ನ ಮುಂದೆ ಅವರು ತೆರೆದ ಮೊದಲ ಮೊಕದ್ದಮೆ ಇದು. ಪೆಟ್ರಿಯನ್ನು ಬಿಡಬೇಕೆಂದು ಬರೆದವರು ಅಪ್ಪ, ಒಪ್ಪದವರು ವೆಂಡೆಲ್ ಮಾಮ ಎಂದು ಹೆಸರಿಲ್ಲದೆಯೇ ತಿಳಿಯಿತು. ಅಪ್ಪ ವಾರಕ್ಕೆ ಮೂರು ಸಲ ತೋಳು ಚಾಚುತ್ತಿರುವುದು ಆ ಒಂದು ಮತಕ್ಕಾಗಿ.

ಅಂದಿನಿಂದ ಪೈ ತಿನ್ನುವ ಮಾಮನ ಬಾಯನ್ನೇ ನೋಡುತ್ತಿದ್ದೆ. ಈ ಮನುಷ್ಯ ಕಾಯುತ್ತಿದ್ದಾನೆ, ಸುಮ್ಮನೆ ಕೂತಿದ್ದರೆ ಗೆಲ್ಲುತ್ತಾನೆ ಎಂದುಕೊಳ್ಳುತ್ತಿದ್ದೆ. ಕೋಪ ಬರಬೇಕಿತ್ತು. ಬರಲಿಲ್ಲ. ಇನ್ನೊಂದು ತುಂಡು ಹಾಕಲೇ ಎಂದು ಕೇಳುತ್ತಿದ್ದೆ.

ಇವತ್ತು ಮಧ್ಯಾಹ್ನ ಅವರನ್ನು ಕಾರಿನ ತನಕ ಕೈಹಿಡಿದು ಕರೆದೊಯ್ದೆ, ಅಂಗಳ ಜಾರುತ್ತಿತ್ತು. ಬಾಗಿಲು ತೆಗೆದುಕೊಟ್ಟು, "ಮಾಮ, ಅಪ್ಪ ಸಾಯಲಿ ಅಂತ ಕಾಯ್ತಿದೀರಾ?" ಎಂದು ಕೇಳಿದೆ. ಹಾಲು ತರಲೇ ಎಂದು ಕೇಳುವ ದನಿಯಲ್ಲೇ ಬಂತು. ಅವರು ಸೀಟಿನ ಮೇಲೆ ಅಡ್ಡ ಕೂತರು, ಕಾಲು ಹೊರಗೇ ಇತ್ತು. "ಇದನ್ನ ನಿನ್ನ ಹತ್ರ ಆಡಬಾರದು ನಾನು. ಆಡ್ತೀನಿ, ಮರೆತುಬಿಡು. ಬರೆಯೋದು ಜನವರಿಲೇ ಮುಗೀತು ಕಣಮ್ಮ. ಡ್ರಾಯರಲ್ಲಿದೆ." ನಾನು ಕಾರಿನ ಬಾಗಿಲನ್ನು ಹಾಗೇ ಹಿಡಿದುಕೊಂಡೆ. "ಅದನ್ನ ಕೊಟ್ಟ ದಿನ ನಿಮ್ಮಪ್ಪ ಆ ಕುರ್ಚಿಗೆ ಹೋಗೋದು ನಿಲ್ಲಿಸ್ತಾನೆ. ನನಗದು ಗೊತ್ತಾಗಲ್ಲ ಅಂದ್ಕೊಂಡಿದಾನೆ ಪೆದ್ದ. ನಾನು ತಡ ಮಾಡಿದಷ್ಟು ದಿನ ಅವನಿರ್ತಾನೆ, ಅಷ್ಟೇ." ಹಾಗಾದರೆ ಪೆಟ್ರಿಯ ಗತಿಯೇನು ಎಂದೆ. ಅವರು ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. "ಆ ಹುಡುಗನೇ ಬೆಂಕಿ ಹಚ್ಚಿದ ಅಂತ್ಲೇ ನನಗೀಗಲೂ ಅನ್ನಿಸೋದು. ಅದೂ ಸೇರ್ಕೊಂಡಿದೆ ಇದರೊಳಗೆ. ಸ್ನೇಹ ಎಷ್ಟು, ಗೆಲ್ಲೋ ಆಸೆ ಎಷ್ಟು, ನನಗೇ ಬೇರೆ ಮಾಡೋಕಾಗ್ತಿಲ್ಲ ಸಿಗ್ನೆ. ಊರೋರದ್ದೆಲ್ಲ ಬೇರೆ ಮಾಡ್ಕೊಟ್ಟೋನು ನಾನು." ಆಮೇಲೆ ಅಂದರು: "ನೀನು ಹೇಳು. ಕೊಡಿ ಅಂದ್ರೆ ನಾಳೆನೇ ಕೊಡ್ತೀನಿ. ಬೇಡ ಅಂದ್ರೆ ಬೇಸಿಗೆ ತನಕ ನನಗೆ ಅಕ್ಷರಾನೇ ಬರಲ್ಲ." ನಾಳೆ ಎಂಟಕ್ಕೆ ಆಫೀಸಿನಲ್ಲಿರುವುದಾಗಿ ಹೇಳಿ ಹೊರಟರು.

ನಾನು ಅಂಗಳಕ್ಕೆ ಉಪ್ಪು ಎರಚಿ ಒಳಗೆ ಬಂದೆ. "ಏನಂತೆ ಅವನದು?" ಎಂದರು ಅಪ್ಪ. "ಅಂಗಳ ಜಾರತ್ತಂತೆ." ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು, ವಕೀಲರನ್ನು ನೋಡುವ ಹಾಗೆ, ಆಮೇಲೆ ಪುಸ್ತಕಕ್ಕೆ ತಿರುಗಿದರು.

ಬೇಡ ಅಂದರೆ ಏಪ್ರಿಲಿನಲ್ಲೂ ಅಪ್ಪ ಈ ಕುರ್ಚಿಯಲ್ಲಿ ಓದುತ್ತಿರುತ್ತಾರೆ, ಮೇಯಲ್ಲೂ ಇರಬಹುದು. ಅಷ್ಟು ದಿನವೂ ಪೆಟ್ರಿ ಜೈಲಿನ ಒಳಗಿರುತ್ತಾನೆ. ನಡುವೆ ಒಂದು ದಿನ ಅಪ್ಪ ತಾವಾಗಿಯೇ ಹೋದರೆ ಅವನು ಒಳಗೇ ಉಳಿಯುತ್ತಾನೆ. ಕೊಡಿ ಅಂದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಎದೆಯಲ್ಲಿ ಏನಾದರೂ ಅಲುಗಾಡುತ್ತದೆಯೇ ಎಂದು ಕಾಯುತ್ತೇನೆ, ಹಲ್ಲು ಕೀಳಿಸಿಕೊಂಡ ಮೇಲೆ ಮರಗಟ್ಟಿದ ತುಟಿ ಮುಟ್ಟಿನೋಡುವಂತೆ. ಪೆಟ್ರಿಯ ಅಕ್ಕನ ಮುಖ ನೆನಪಿಗೆ ಬರುತ್ತಿಲ್ಲ, ಬ್ರೆಡ್ಡಿನ ವಾಸನೆ ಮಾತ್ರ ಇದೆ. ಅಪ್ಪನನ್ನೇ ಕೇಳಬಹುದು. ಅವರ ಉತ್ತರ ಗೊತ್ತಿರುವುದರಿಂದಲೇ ಕೇಳುತ್ತಿಲ್ಲ. ನೀನು ಈ ಮನೆ ಬಿಟ್ಟದ್ದು ಒಂದೇ ಬೆಳಗಿನ ನಿರ್ಧಾರ ಎಂದು ಎಲ್ಲರೂ ಅಂದುಕೊಂಡರು. ಒಳಗೆ ಅದಕ್ಕೆ ಎಷ್ಟು ಕಾಲ ಹಿಡಿಯಿತೋ ನಾನು ಕೇಳಲೇ ಇಲ್ಲ.

ಕಾಲಿಗೆ ಎಣ್ಣೆ ಹಚ್ಚಿಕೋ. ಬಿಸಿಲು ಏರಿದ ಮೇಲೆ ತೋಟಕ್ಕೆ ಇಳಿಯಬೇಡ. ನಿನ್ನ ಆಶೀರ್ವಾದವಿರಲಿ, ಯಾವುದಕ್ಕೆಂದು ನನಗೂ ಸ್ಪಷ್ಟವಿಲ್ಲದಿದ್ದರೂ.

ನಿನ್ನ ಮಗಳು,
ಸಿಗ್ನೆ

ತಾ.ಕ.: ಮಂಗಳವಾರ ಮಧ್ಯಾಹ್ನ. ಲಕೋಟೆ ಅಂಟಿಸಿರಲಿಲ್ಲ. ನಿನ್ನೆ ಎಂಟಕ್ಕೆ ಮಹಡಿ ಹತ್ತಿ "ಕೊಟ್ಬಿಡಿ ಮಾಮ" ಅಂದೆ. ಅವರು ಡ್ರಾಯರ್ ಎಳೆದರು, "ಬಾಗಿಲು ಹಾಕ್ಕೊಂಡು ಹೋಗಮ್ಮ" ಅಂದರು. ಇವತ್ತು ಬೆಳಿಗ್ಗೆ ತೀರ್ಪು ಹೊರಬಿತ್ತು. ಅಪ್ಪ ಡಯಾಲಿಸಿಸ್ ಕುರ್ಚಿಯಲ್ಲಿದ್ದರು. ಪೆಟ್ರಿ ತಕ್ಷಣ ಹೊರಬರುವುದಿಲ್ಲವಂತೆ, ಹೊಸ ವಿಚಾರಣೆ ನಡೆಸುವುದೋ ಬಿಡುವುದೋ ಎಂದು ಸರ್ಕಾರ ತೀರ್ಮಾನಿಸಬೇಕು. ಮಾಮ ಬರೆದದ್ದನ್ನು ಅಪ್ಪ ನನ್ನ ಫೋನಿನಲ್ಲಿ ಕೊನೆಯ ತನಕ ಓದಿಸಿಕೊಂಡರು. "ಚೆನ್ನಾಗಿ ಬರೆದಿದಾನೆ ಕಳ್ಳ." ಡಾರ್ಲಾಗೆ "ಗುರುವಾರ ಬರಲ್ಲ ಕಣಮ್ಮ" ಅಂದರು. ಅವಳು ಸೂಜಿ ತೆಗೆದ ಜಾಗವನ್ನು ತುಂಬ ಹೊತ್ತು ಒತ್ತಿ ಹಿಡಿದಳು. ಕಾರಿನಲ್ಲಿ ಅಪ್ಪ ಅಂದರು: "ವೆಂಡೆಲ್‌ಗೆ ಯಾರೋ ಹೇಳಿರ್ಬೇಕು. ತಾನಾಗಿ ಕೊಡೋನಲ್ಲ ಅವನು. ಯಾರು ಅಂತ ನಾನು ಕೇಳಲ್ಲ." ಒಂದು ವಾರ, ಹೆಚ್ಚೆಂದರೆ ಅದರ ಮೇಲೆ ಎರಡು ದಿನ ಅನ್ನುತ್ತಾರೆ ಡಾಕ್ಟರು. ಭಾನುವಾರದ ನಂತರ ಗುರುತು ಹಿಡಿಯಲಿಕ್ಕಿಲ್ಲವಂತೆ. ಇದು ನಾಳೆಯೇ ತಲುಪುವ ಅಂಚೆಗೆ ಹೋಗುತ್ತಿದೆ. ವಿಮಾನದ ಹೊತ್ತು ತಿಳಿಸು, ಫಾರ್ಗೋಗೆ ಕಾರು ತರುತ್ತೇನೆ. ಅವರು ನಿನ್ನನ್ನು ಕರೆ ಎಂದು ಹೇಳಿಲ್ಲ, ಹೇಳುವವರೂ ಅಲ್ಲ. ಅವರಿಗಾಗಿ ಅಲ್ಲದಿದ್ದರೂ ಬಾ ಅಮ್ಮಾ. ಇದನ್ನು ಮಾಡಿದವಳು ನಾನು, ಮನೆಯಲ್ಲಿ ಅವರ ಜೊತೆ ಒಬ್ಬಳೇ ಇದ್ದೇನೆ.