ಎಂಟನೆಯ ಪ್ರಶ್ನೆಗೆ ಉತ್ತರ

ಬೈಲಹೊಂಗಲ
೧೮ ಜೂನ್ ೨೦೨೪

ಮಗಳು ಶೈಲಶ್ರೀಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಕಾಗದ. ಓದದೆ ಹರಿಯಬೇಡ. ಐದು ತಿಂಗಳು ತಡ ಮಾಡಿದ್ದು ನನ್ನ ತಪ್ಪು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬರುವ ಸೋಮವಾರ ನೀನೂ ಅರ್ಜುನನೂ ಕಿತ್ತೂರಿನಲ್ಲಿ ರಿಜಿಸ್ಟರ್ ಮದುವೆ ಆಗುತ್ತೀರಂತೆ. ನಿನ್ನ ಅಪ್ಪ ಕೇಳಿಕೊಂಡು ಬಂದವರು ರೊಟ್ಟಿ ಮುಟ್ಟಲಿಲ್ಲ. ಹಠದಲ್ಲಿ ನೀನು ನನ್ನ ಮಗಳೇ ಬಿಡು, ಯಾರನ್ನು ಬೈಯಲಿ?

ಮೊದಲ ಗಂಡ ಲಗಮಣ್ಣನ ಮನೆಯಲ್ಲಿ ನೀನು ಆರು ವರ್ಷ ಸವೆದೆ. ಕೋರ್ಟು ವಿಚ್ಛೇದನ ಕೊಟ್ಟ ಮೇಲೂ ಚರ್ಚಿನಲ್ಲೇ ಮದುವೆಯಾಗಬೇಕೆಂದು ಕಾದವಳು ನೀನು. ಫಾದರ್ ಹೇಳಿದ್ದರು: ಕೋರ್ಟಿನ ಕಾಗದ ಸಾಲದು, ಆ ಮದುವೆ ಮೊದಲಿನಿಂದಲೂ ಊರ್ಜಿತವಲ್ಲ ಎಂದು ಬಿಷಪ್ಪರ ಧರ್ಮಪ್ರಾಂತದ ನ್ಯಾಯಪೀಠ ತೀರ್ಪು ಕೊಡಬೇಕು, ಅಲ್ಲಿಯವರೆಗೆ ಇನ್ನೊಬ್ಬರ ಜೊತೆ ಓಡಾಟ ಬೇಡ ಎಂದು. ಆ ಮಾತನ್ನೇ ಹಿಡಿದು ನಾನು, ಬಾಗಿಲಿಗೆ ಬಂದ ಅರ್ಜುನನಿಗೆ "ಆಕಿ ಇನ್ನೂ ಲಗಮಣ್ಣನ ಹೇಣ್ತಿ" ಎಂದು ಹೇಳಿ, ನೀರೂ ಕೊಡದೆ ಕಳಿಸಿದೆ. ಆ ಹೊತ್ತಿಗೆ, ನ್ಯಾಯಪೀಠದವರು ಜನವರಿಯಲ್ಲಿ ನನ್ನ ಸಾಕ್ಷಿ ಕೇಳಿ ಕಳಿಸಿದ ಪ್ರಶ್ನೆಗಳ ಲಕೋಟೆ ನನ್ನ ಹಿಟ್ಟಿನ ಡಬ್ಬಿಯ ಕೆಳಗೇ ಬಿದ್ದಿತ್ತು.

ಅದರಲ್ಲಿ ಎಂಟನೆಯ ಪ್ರಶ್ನೆ: ಮದುವೆಗೆ ಹುಡುಗಿಯನ್ನು ಯಾರಾದರೂ ಬಲವಂತ ಮಾಡಿದ್ದರೇ?

ಮದುವೆಗೆ ಮುಂಚೆ ಫಾದರ್ ನಿನ್ನೊಬ್ಬಳನ್ನೇ ಕೂರಿಸಿ, ಮನಸಾರೆ ಒಪ್ಪಿದ್ದೀಯಾ ಎಂದು ಕೇಳಿ ಸಹಿ ಮಾಡಿಸಿಕೊಂಡರಲ್ಲ, ಆ ಬೆಳಿಗ್ಗೆಯೇ ಮನೆಯಲ್ಲಿ ನೀನು ನನಗೆ ಒಲ್ಲೆ ಎಂದಿದ್ದೆ. ನಾನು ಹತ್ತಿಗೆ ಹೊಡೆಯುವ ವಿಷದ ಬಾಟಲಿಯನ್ನು ಬಾಯಿಗೆ ಹಿಡಿದೆ. "ನೀ ಒಲ್ಲೆ ಅಂದ್ರ ನಾ ಇದನ್ನ ಕುಡೀತೇನಿ" ಅಂದೆ. ನೀನು ಬಾಟಲಿ ಕಿತ್ತುಕೊಂಡು, ಮುಖ ಒರೆಸಿಕೊಂಡು ಹೋಗಿ ಸಹಿ ಮಾಡಿದೆ.

ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಇದನ್ನು ಫಾದರ್ ಮುಂದೆ ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಫಾದರಿಗೆ ಗೊತ್ತಾದ ಮೇಲೆ ನ್ಯಾಯಪೀಠಕ್ಕೂ ಗೊತ್ತಾದ ಹಾಗೆಯೇ, ಮತ್ತೆ ಕಾಗದದಲ್ಲಿ ಬರೆದು ಯಾಕೆ ಮರ್ಯಾದೆ ಕಳೆದುಕೊಳ್ಳಲಿ ಎಂದುಕೊಂಡೆ. ನನ್ನಂಥ ಜಾಣೆ ಈ ಊರಲ್ಲಿ ಇನ್ನೊಬ್ಬಳಿಲ್ಲ. ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ, ನಿಮಗೆ ಎಲ್ಲ ಗೊತ್ತಿದ್ದೂ ಕೇಸು ಯಾಕೆ ನಿಂತಿದೆ ಎಂದು ಕೇಳಿದೆ. ಅವರು "ಪಾಪನಿವೇದನೆಯೊಳಗ ಯಾರು ಏನ ಹೇಳಿದ್ರೂ ಅದು ನನ್ನ ಬಾಯಿಂದ ಹೊರಗ ಬರೂದಿಲ್ರಿ, ಇಂದ್ರವ್ವಾರ. ಸಾಕ್ಷಿ ನೀವ ಬರೀಬೇಕು" ಎಂದರು.

ನಿನ್ನ ಐದು ತಿಂಗಳನ್ನು ನಾನು ನುಂಗಿಹಾಕಿದ್ದೆ.

ನಿನ್ನೆ ಬರೆದು, ಲಕೋಟೆ ಅಂಟಿಸಿ ಫಾದರ್ ಕೈಗೆ ಕೊಟ್ಟಿದ್ದೇನೆ. ಎಂಟನೆಯದಕ್ಕೆ ಉತ್ತರ: ಹೌದು, ನಾನೇ. ತೀರ್ಪು ಏನಾಗುತ್ತದೋ, ಅವರು ಭರವಸೆ ಕೊಡಲಿಲ್ಲ. ಆದರೂ ಶೈಲಾ, ಕೈ ಮುಗಿಯುತ್ತೇನೆ, ಸೋಮವಾರ ಸಹಿ ಮಾಡಬೇಡ. ಚರ್ಚಿನ ಹೊರಗೆ ಮದುವೆಯಾದವರಿಗೆ ಪೂಜೆಯಲ್ಲಿ ಪರಮಪ್ರಸಾದ ಕೊಡುವುದಿಲ್ಲ; ಎಲ್ಲರೂ ಅದಕ್ಕೆ ಎದ್ದಾಗ ನೀನೊಬ್ಬಳು ಬೆಂಚಿನಲ್ಲೇ ಉಳಿಯುವುದನ್ನು ನಾನು ನೋಡಲಾರೆ. ಸ್ವಲ್ಪ ದಿನ ತಡೆ. ಅರ್ಜುನನನ್ನು ಕರೆದುಕೊಂಡು ಬಾ, ಈ ಸಲ ಊಟ ಹಾಕದೆ ಕಳಿಸುವುದಿಲ್ಲ.

ನೋಡು, ಮದುವೆಯ ಮುಂಚೆ ಮತ್ತೆ ನಿನ್ನನ್ನು ಕಾಡುತ್ತಿದ್ದೇನೆ. ಕೇಳದಿದ್ದರೂ ನೀನು ನನ್ನ ಮಗಳೇ. ಮಾತೆ ಮರಿಯಮ್ಮ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅವ್ವ,
ಇಂದ್ರವ್ವ

ತಾ.ಕ.: ಒಂದು ಮಾತನ್ನು ಪಾಪನಿವೇದನೆಯಲ್ಲೂ ಮುಚ್ಚಿಟ್ಟಿದ್ದೆ, ನಿನ್ನೆ ಮಾತ್ರ ಬರೆದೆ. ಆ ಬಾಟಲಿಯಲ್ಲಿ ವಿಷ ಇರಲಿಲ್ಲ. ಹಿಂದಿನ ದಿನವೇ ತೊಳೆದು ನಲ್ಲಿ ನೀರು ತುಂಬಿಸಿಟ್ಟಿದ್ದೆ. ಅದು ನನ್ನ ಕೈಗೆ ತಾಗಿತೆಂದು ನೀನು ಅಳುತ್ತ ಮೂರು ಸಲ ಸೋಪು ಹಚ್ಚಿ ತೊಳೆದೆ. ನಾನು ಸುಮ್ಮನೆ ಕೈ ಚಾಚಿಕೊಂಡು ನಿಂತಿದ್ದೆ.